ಹಣ್ಣಿನ ರುಚಿಯೂ ಗಿಡದ ಆರೋಗ್ಯವೂ

ಸಸ್ಯಗಳನ್ನು ಸಾಕುವ ಮನುಷ್ಯನು ಅವುಗಳ ಸ್ವಭಾವವನ್ನೂ ತಿದ್ದುತ್ತ ಬಂದಿರುವನೆಂಬುದು ಎಲ್ಲರಿಗೂ ತಿಳಿದ ವಿಷಯವೇ ಸರಿ. ಹೊಲದಲ್ಲಿ ದಪ್ಪ ತೆನೆಯನ್ನು ಆರಿಸಿ ಬೀಜಕ್ಕೆಂದು ಕಟ್ಟಿಡುವ ಒಕ್ಕಲಿಗನೂ, ಪ್ರಯೋಗಕ್ಷೇತ್ರದಲ್ಲಿ ಎರಡು ತಳಿಗಳನ್ನು ಕೂಡಿಸುವ ಪಂಡಿತನೂ ಮಾಡುವ ಕೆಲಸವು ತತ್ತ್ವತಃ ಒಂದೇ ಆಗಿದೆ. ಮುಂದಿನ ಪೀಳಿಗೆಯಲ್ಲಿ ಯಾವ ಗುಣವು ಉಳಿಯತಕ್ಕದ್ದು, ಯಾವುದು ಅಳಿಯತಕ್ಕದ್ದು ಎಂಬುದನ್ನು ಇಬ್ಬರೂ ನಿರ್ಣಯಿಸುತ್ತಾರೆ. ನಿರ್ಣಯವಿದ್ದಲ್ಲಿ ಹೊಣೆಯೂ ಇರಲೇಬೇಕು. ಈ ಹೊಣೆಯು ಯಾರ ಕುರಿತಾದದ್ದು? ಉಣ್ಣುವವನ ಕುರಿತೋ, ಬೆಳೆಯುವವನ ಕುರಿತೋ, ಮಾರುವವನ ಕುರಿತೋ, ಅಥವಾ ಮಾತನಾಡಲಾರದ ಆ ಗಿಡದ ಕುರಿತೋ? ಇವರೆಲ್ಲರ ಹಿತವೂ ಒಂದೇ ಆಗಿದ್ದ ಪಕ್ಷದಲ್ಲಿ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಟೊಮೆಟೊ ಹಣ್ಣಿನ ವಿಷಯದಲ್ಲಿ ಅವು ಒಂದಕ್ಕೊಂದು ಎದುರಾಗಿ ನಿಂತಂತೆ ಕಾಣುವುದರಿಂದ, ಈ ಬಡ ಹಣ್ಣು ಧರ್ಮವಿಚಾರಕ್ಕೆ ಒಳ್ಳೆಯ ಉದಾಹರಣೆಯಾಗಿದೆ.

ಈ ಹಣ್ಣು ನಮ್ಮ ದೇಶದ್ದಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಪ್ರಾಂತವು ಇದರ ಕುಲಕ್ಕೆ ತೌರುಮನೆ. ಮೆಕ್ಸಿಕೋದಲ್ಲಿ ಇದು ತೋಟದ ಬೆಳೆಯಾಯಿತು. ಹದಿನಾರನೆಯ ಶತಮಾನದಲ್ಲಿ ಯುರೋಪನ್ನು ಸೇರಿ, ಅಲ್ಲಿಯವರ ಹಡಗುಗಳಲ್ಲಿ ಇತ್ತ ಬಂದಿತು. ಶ್ರಾದ್ಧದ ಅಡಿಗೆಯಲ್ಲಿ ಇದಕ್ಕೆ ಇಂದಿಗೂ ಅನೇಕ ಮನೆಗಳಲ್ಲಿ ಪ್ರವೇಶವಿಲ್ಲ. ಪಿತೃಗಳು ಕಾಣದ ಪದಾರ್ಥವನ್ನು ಪಿತೃಗಳಿಗೆ ಬಡಿಸಬಾರದೆಂಬುದು ಆ ಮನೆಗಳ ಭಾವನೆ. ಆದರೆ ಉಳಿದ ದಿನಗಳಲ್ಲಿ ಅದಿಲ್ಲದೆ ಒಲೆ ಹೊತ್ತುವುದೇ ಅಪರೂಪ. ಪರದೇಶದ ಸಸ್ಯವೆಂಬ ಕಾರಣದಿಂದ ಅದನ್ನು ದೂರಬೇಕಾಗಿಯೂ ಇಲ್ಲ. ಹಿಂದೆ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಮಸ್ಕಿಯ ಬೆಟ್ಟದಲ್ಲಿ 1915ರಲ್ಲಿ ದೊರೆತ ಶಿಲಾಶಾಸನವು ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳಿ ಲೋಕಪ್ರಸಿದ್ಧವಾಯಿತು. ಅದೇ ಅರಸನು ಗಿರಿನಾರ್ ಮೊದಲಾದೆಡೆ ಕೆತ್ತಿಸಿದ ಮತ್ತೊಂದು ಶಾಸನದಲ್ಲಿ, ಮನುಷ್ಯರಿಗೂ ಪಶುಗಳಿಗೂ ಹಿತವಾದ ಮೂಲಿಕೆಗಳೂ ಬೇರುಗಳೂ ಹಣ್ಣುಗಳೂ ಎಲ್ಲಿ ಇಲ್ಲವೋ ಅಲ್ಲಿಗೆ ಅವನ್ನು ತರಿಸಿ ನೆಡಿಸಿದ ಸಂಗತಿಯು ಉಕ್ತವಾಗಿದೆ. ಸಸ್ಯವನ್ನು ಒಂದು ನೆಲದಿಂದ ಇನ್ನೊಂದು ನೆಲಕ್ಕೆ ತರುವುದು ರಾಜಧರ್ಮವೆಂದು ಎಣಿಸಲ್ಪಟ್ಟ ಕಾಲವೊಂದಿತ್ತು.

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಮನೆಗಳಲ್ಲಿ ಇದರ ಹೆಸರು ಟಮಾಟಿ. ಜೋಳದ ರೊಟ್ಟಿಗೆ ಹಸಿ ಟಮಾಟಿಕಾಯಿಯನ್ನು ಹುರಿದು, ಶೇಂಗಾ ಹಸಿಮೆಣಸಿನಕಾಯಿಗಳೊಡನೆ ಅರೆದ ಚಟ್ನಿಯೂ, ಹಣ್ಣಿನ ಸಾರೂ, ಬೇಳೆಯಲ್ಲಿ ಕೂಡಿ ಬೆಂದ ಹುಳಿಯೂ ಇಲ್ಲಿಯ ದಿನಬಳಕೆ. ಪುಂಡಿಪಲ್ಯ ಹುಣಿಸೆಗಳ ಹುಳಿಗೆ ಒಗ್ಗಿದ ಈ ಸೀಮೆಯ ನಾಲಗೆಯು ಟಮಾಟಿಯಲ್ಲಿಯೂ ಮೊದಲು ಹುಳಿಯನ್ನೇ ಹುಡುಕುತ್ತದೆ. ಆದ್ದರಿಂದ ಹಿರಿಯ ಗೃಹಿಣಿಯರ ಬಾಯಲ್ಲಿ ಕೇಳಿಬರುವ ಆಕ್ಷೇಪಣೆಯು ಒಂದೇ ಬಗೆಯದು: ಜವಾರಿ ಹಣ್ಣು ಎರಡು ಹಾಕಿದರೆ ಸಾಕಾಗುತ್ತಿತ್ತು, ಈಗಿನದು ನಾಲ್ಕು ಹಾಕಿದರೂ ಸಾರಿಗೆ ಸಾರವೇ ಬರುವುದಿಲ್ಲ, ತೊಗಲು ಮಾತ್ರ ಬೇಯುವುದಿಲ್ಲ. ಇದನ್ನು ಮುದುಕರ ಗೊಣಗಾಟವೆಂದು ತಳ್ಳಿಹಾಕುವವರುಂಟು. ಹಳೆಯದೆಲ್ಲ ರುಚಿಯೆಂದು ತೋರುವುದು ಮನಸ್ಸಿನ ಸ್ವಭಾವವೆಂದೂ, ಹಸಿವಿನ ಬಾಲ್ಯದಲ್ಲಿ ಉಂಡದ್ದೆಲ್ಲ ಅಮೃತವೆಂದೂ ಅವರು ವಾದಿಸುವರು. ವಾದವು ಸುಂದರವಾಗಿದೆ, ಆದರೆ ನಿಜವಲ್ಲ.

ಯಾತಕ್ಕೆಂದರೆ, ಈ ಗೊಣಗಾಟದಲ್ಲಿ ಸತ್ಯವಿರುವುದನ್ನು ವಿಜ್ಞಾನಿಗಳೇ ತೂಗಿ ಅಳೆದು ತೋರಿಸಿದ್ದಾರೆ. ಟೊಮೆಟೊ ಹಣ್ಣಿನ ರುಚಿಯೆಂಬುದು ಮೂರು ವಸ್ತುಗಳ ಕೂಟ: ಸಕ್ಕರೆ, ಹುಳಿ, ಗಾಳಿಯಲ್ಲಿ ಹಾರಿ ಮೂಗಿಗೆ ಮುಟ್ಟುವ ಪರಿಮಳದ್ರವ್ಯಗಳು. ಇಂತಹ ದ್ರವ್ಯಗಳು ಆ ಹಣ್ಣಿನಲ್ಲಿ ನಾನೂರರಷ್ಟಿದ್ದರೂ, ಮನುಷ್ಯನ ರುಚಿಗೆ ಸಂಬಂಧಪಟ್ಟವು ಸುಮಾರು ಇಪ್ಪತ್ತು ಮೂವತ್ತು ಮಾತ್ರ. 2017ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಹ್ಯಾರಿ ಕ್ಲೀ ಎಂಬವರೂ ಚೀನಾ ದೇಶದ ಅವರ ಸಹೋದ್ಯೋಗಿಗಳೂ ಹಳೆಯ, ಹೊಸ ಮತ್ತು ಕಾಡು ತಳಿಗಳು ಸೇರಿ 398 ಬಗೆಗಳನ್ನು ಪರೀಕ್ಷಿಸಿ, ರುಚಿಗೆ ಕಾರಣವಾದ 13 ಪರಿಮಳದ್ರವ್ಯಗಳು ಆಧುನಿಕ ತಳಿಗಳಲ್ಲಿ ಗಮನಾರ್ಹವಾಗಿ ಕುಂದಿರುವುದನ್ನು ಪ್ರಕಟಿಸಿದರು. ಹಣ್ಣು ದೊಡ್ಡದಾದಷ್ಟೂ ಅದರಲ್ಲಿ ಸಕ್ಕರೆಯ ಪ್ರಮಾಣವು ಇಳಿಯುವುದೂ ಅವರ ಪರೀಕ್ಷೆಯಲ್ಲಿ ಕಂಡುಬಂದಿತು.

ಅದಕ್ಕಿಂತಲೂ ಬೋಧಪ್ರದವಾದ ಸಂಗತಿಯು 2012ರಲ್ಲಿ ಬೆಳಕಿಗೆ ಬಂದಿತು. ಹಳೆಯ ತಳಿಗಳ ಕಾಯಿಯಲ್ಲಿ ತೊಟ್ಟಿನ ಸುತ್ತಲೂ ಕಡುಹಸಿರಾದ ಹೆಗಲೊಂದು ಇರುತ್ತದೆ. ಹಣ್ಣಾದ ಮೇಲೆಯೂ ಕೆಲವೊಮ್ಮೆ ಅಲ್ಲಿ ಹಳದಿಯು ಉಳಿದು ಹಣ್ಣು ಅರೆಮಾಗಿದಂತೆ ತೋರುತ್ತದೆ. ಪೇಟೆಯವರಿಗೆ ಇದು ಸೇರಲಿಲ್ಲ. ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿ ತಿಳಿಹಸಿರಾಗಿದ್ದು, ಒಂದೇ ಸಮನಾಗಿ ಕೆಂಪೇರುವ ಬಗೆಯನ್ನು ತಳಿಸಂವರ್ಧಕರು ಸುಮಾರು ಎಪ್ಪತ್ತು ವರ್ಷಗಳ ಕಾಲ ಆರಿಸುತ್ತ ಬಂದರು. ಜಗತ್ತಿನ ವ್ಯಾಪಾರದ ತಳಿಗಳಲ್ಲಿ ಬಹುಭಾಗವು ಹೀಗೆ ಸಮವರ್ಣದ್ದಾಯಿತು. ಆ ಕಡುಹಸಿರು ಹೆಗಲು ಕೇವಲ ಬಣ್ಣವಾಗಿರದೆ, ಹಣ್ಣು ತನ್ನೊಳಗೇ ಸಕ್ಕರೆಯನ್ನು ಸಿದ್ಧಪಡಿಸಿಕೊಳ್ಳುವ ಪುಟ್ಟ ಪಾಕಶಾಲೆಯೂ ಆಗಿತ್ತೆಂಬುದನ್ನು ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಆನ್ ಪವೆಲ್ ಮತ್ತು ಅವರ ಸಂಗಡಿಗರು ಆ ವರ್ಷ ಸಿದ್ಧಪಡಿಸಿದರು. ಹಸಿರನ್ನು ಅಳಿಸಿದ ಕೈಯೇ ಸವಿಯನ್ನೂ ಅಳಿಸಿತ್ತು. ಅಳಿಸಿದವರಿಗೆ ಅದು ತಿಳಿದಿರಲಿಲ್ಲ.

ಧರ್ಮಶಾಸ್ತ್ರಕಾರರು ತಿಳಿಯದೆ ಮಾಡಿದ ದೋಷಕ್ಕೂ ತಿಳಿದು ಮಾಡಿದ ದೋಷಕ್ಕೂ ಬೇರೆ ಬೇರೆ ಪ್ರಾಯಶ್ಚಿತ್ತಗಳನ್ನು ವಿಧಿಸಿರುವುದು ಇಲ್ಲಿ ಸ್ಮರಣೀಯ. ಕಣ್ಣಿಗೆ ಒಪ್ಪುವ ಹಣ್ಣನ್ನು ಆರಿಸಿದ ಹಿಂದಿನ ಸಂವರ್ಧಕನು ನಾಲಗೆಗೆ ಮೋಸಮಾಡಬೇಕೆಂದು ಹೊರಟವನಲ್ಲ. ಅವನನ್ನು ನಿಂದಿಸುವುದು ನ್ಯಾಯವಲ್ಲ. ಆದರೆ 2012ರ ಈಚೆಗೆ ಅದೇ ಆಯ್ಕೆಯನ್ನು ಮುಂದುವರಿಸುವವನಿಗೆ ಅಜ್ಞಾನದ ಆಶ್ರಯವು ಇಲ್ಲ. ಕ್ರಿಯೆಯು ಅದೇ, ಫಲವೂ ಅದೇ. ಕರ್ತೃವಿನ ಜ್ಞಾನವೊಂದು ಬದಲಾದುದರಿಂದ ಕರ್ಮದ ಸ್ವರೂಪವೇ ಬದಲಾಗಿದೆ. ಕಾಲವು ಮುಂದುವರಿದಂತೆ ಮನುಷ್ಯನ ಹೊಣೆಯು ಹಗುರಾಗುವುದೆಂದು ತಿಳಿದವರು ಈ ಒಂದು ಸಂಗತಿಯನ್ನು ಯೋಚಿಸಬೇಕು.

ಇಷ್ಟು ಹೇಳಿದೊಡನೆ ಪೂರ್ವಪಕ್ಷದ ಮಾತು ಎದ್ದು ನಿಲ್ಲುತ್ತದೆ. ಅದು ಬಲವಾದ ಮಾತು, ಉಪೇಕ್ಷಿಸತಕ್ಕದ್ದಲ್ಲ. ರುಚಿಯ ವಿಚಾರವು ಉಂಡವರ ವಿನೋದ. ಬೆಳೆಯುವವನಿಗೆ ಗಿಡ ಉಳಿಯುವುದೇ ಮೊದಲನೆಯ ಪ್ರಶ್ನೆ ಎಂಬುದು ಆ ಪಕ್ಷ. ಈ ಮೂರು ತಾಲ್ಲೂಕುಗಳ ಹವೆಯನ್ನು ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಉಷ್ಣತೆಯು 40 ಡಿಗ್ರಿಯನ್ನು ದಾಟುವುದು ಇಲ್ಲಿ ವಾಡಿಕೆ. ಟೊಮೆಟೊ ಹೂವಾದರೋ ಸೆಖೆಯ ರಾತ್ರಿಗಳಲ್ಲಿ ಕಾಯಿಕಟ್ಟದೆ ಉದುರುತ್ತದೆ. ಕಟ್ಟಿದ ಕಾಯಿಯೂ 30-32 ಡಿಗ್ರಿಯ ಮೇಲಿನ ಶಾಖದಲ್ಲಿ ಕೆಂಪು ವರ್ಣದ್ರವ್ಯವನ್ನು ಸರಿಯಾಗಿ ಮಾಡಿಕೊಳ್ಳಲಾರದೆ ಹಳದಿಯಾಗಿಯೇ ಮೆತ್ತಗಾಗುತ್ತದೆ. ಇದರ ಮೇಲೆ ಬಿಳಿನೊಣದ ಹಾವಳಿ. ಹತ್ತಿಯ ಎಲೆಯಡಿ ಕುಳಿತು ರಸ ಹೀರುವ ಬಿಳಿನೊಣವೇ ಟೊಮೆಟೊ ಗಿಡಕ್ಕೂ ಹಾರುತ್ತದೆ, ಹಾರುವಾಗ ಎಲೆ ಮುಟುರು ರೋಗದ ನಂಜನ್ನು ಹೊತ್ತು ತರುತ್ತದೆ. ಲಿಂಗಸುಗೂರು ಮಸ್ಕಿಗಳ ಕಡೆ ಹತ್ತಿಯ ಹೊಲಗಳ ನಡುವೆ ತರಕಾರಿ ಹಾಕುವವನಿಗೆ ಈ ನೆರೆಹೊರೆಯ ಅರ್ಥವು ಚೆನ್ನಾಗಿ ತಿಳಿದಿದೆ. ಸಸಿಯಿದ್ದಾಗಲೇ ನಂಜು ತಗುಲಿದ ಗಿಡದ ಎಲೆಗಳು ಮೇಲಕ್ಕೆ ಮಡಿಚಿಕೊಂಡು, ತುದಿ ಕುಗ್ಗಿ, ಗಿಡವು ಗಿಡ್ಡಾಗಿ ಉಳಿಯುತ್ತದೆ; ಕಾಯಿಯ ಆಸೆಯನ್ನು ಬಿಡಬೇಕು. ಬೇರಿನ ದಾರಿಯಿಂದ ಬರುವ ದುಂಡಾಣು ಸೊರಗು ರೋಗವಂತೂ ಬೆಳಿಗ್ಗೆ ಹಸಿರಾಗಿದ್ದ ಗಿಡವನ್ನು ಒಂದೆರಡು ದಿನಗಳಲ್ಲಿ ಜೋಲಿಸಿಬಿಡುತ್ತದೆ. ಎಲೆಗಳ ಮೇಲೆ ವರ್ತುಲ ವರ್ತುಲವಾಗಿ ಹಬ್ಬುವ ಅಂಗಮಾರಿಯದು ಮೂರನೆಯ ಸರದಿ.

ನಂಜನ್ನು ಕೊಲ್ಲುವ ಔಷಧವಿಲ್ಲ. ಕೊಲ್ಲಬಹುದಾದದ್ದು ನೊಣವನ್ನು. ಆದುದರಿಂದ ಒಕ್ಕಲಿಗನು ಎಣ್ಣೆ ಹೊಡೆಯುತ್ತಾನೆ. ಈ ಸೀಮೆಯಲ್ಲಿ ಕೀಟನಾಶಕಕ್ಕೆ ಎಣ್ಣೆಯೆಂದೇ ಹೆಸರು. ಬಿಡಿಸಿದ ಹಣ್ಣಿನ ಮೇಲೆ ಅದರ ಶೇಷವಿರುತ್ತದೆ. ಮೂಗಿಗೆ ಅರಿವೆ ಕಟ್ಟಿಕೊಂಡು ಹೊಡೆದ ಕೂಲಿಯವನ ಮೈಯಲ್ಲಿ ಇನ್ನೂ ಹೆಚ್ಚು ಇರುತ್ತದೆ. ಹೀಗಿರುವಲ್ಲಿ, ಜವಾರಿ ಹಣ್ಣಿನ ಸವಿಯನ್ನು ಹೊಗಳಿ ನಿರೋಧಶಕ್ತಿಯಿಲ್ಲದ ಗಿಡವನ್ನು ಬೆಳೆಯಲು ಹೇಳುವವನು, ತನಗರಿವಿಲ್ಲದೆಯೇ ಒಬ್ಬ ಕೂಲಿಯವನ ಉಸಿರಿನ ಬೆಲೆಯಲ್ಲಿ ಸಾರಿನ ರುಚಿಯನ್ನು ಕೊಳ್ಳುತ್ತಾನೆ. ಗಿಡದ ಆರೋಗ್ಯವು ಕೇವಲ ಲಾಭದ ಪ್ರಶ್ನೆಯಲ್ಲ, ಅಹಿಂಸೆಯ ಪ್ರಶ್ನೆಯೂ ಹೌದು ಎಂಬುದು ಪೂರ್ವಪಕ್ಷದ ನಿಜವಾದ ಬಲ.

ಈ ಬಲವನ್ನು ಅರಿತೇ ಕನ್ನಡನಾಡಿನ ಪಂಡಿತರು ಈ ಕೆಲಸಕ್ಕೆ ಕೈಹಾಕಿದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿ. ಮುನಿಯಪ್ಪನವರು ಎಲೆ ಮುಟುರು ರೋಗವನ್ನು ದೀರ್ಘಕಾಲ ಅಭ್ಯಸಿಸಿ, ತೈವಾನಿನ ತರಕಾರಿ ಸಂಶೋಧನಾ ಕೇಂದ್ರವೇ ಮೊದಲಾದವುಗಳ ಸಹಕಾರದಿಂದ ನಿರೋಧಶಕ್ತಿಯುಳ್ಳ ತಳಿಗಳನ್ನು ಬೇರ್ಪಡಿಸಿದರು. ಅವು ನಂದಿ, ಸಂಕ್ರಾಂತಿ, ವೈಭವ್ ಎಂಬ ಹೆಸರುಗಳಿಂದ ಹೊರಬಂದವು. ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಅಮೆರಿಕದ ಟಿಪ್ ಟಾಪ್ ಎಂಬ ಬಗೆಯಿಂದ ಅರ್ಕ ವಿಕಾಸವನ್ನೂ, ಕೆನಡಾದ ಒಂದು ಸಾಲಿನಿಂದ ಅರ್ಕ ಸೌರಭವನ್ನೂ ಆರಿಸಿ ಕೊಟ್ಟಿತ್ತು. 2010ರ ಸುಮಾರಿಗೆ ಅದೇ ಸಂಸ್ಥೆಯ ಎ. ಟಿ. ಸದಾಶಿವ ಅವರೂ ಸಹೋದ್ಯೋಗಿಗಳೂ ಸಿದ್ಧಗೊಳಿಸಿದ ಅರ್ಕ ರಕ್ಷಕ್ ಎಂಬ ಸಂಕರ ತಳಿಯು ಮೇಲೆ ಹೇಳಿದ ಮೂರು ರೋಗಗಳನ್ನೂ ಏಕಕಾಲದಲ್ಲಿ ತಡೆಯಿತು. ಒಂದೊಂದು ಹಣ್ಣು 90ರಿಂದ 100 ಗ್ರಾಂ ತೂಗುವ ಈ ತಳಿಗೆ ಹೆಕ್ಟೇರಿಗೆ 75ರಿಂದ 80 ಟನ್ನುಗಳ ಇಳುವರಿಯನ್ನು ಸಂಸ್ಥೆಯು ಹೇಳುತ್ತದೆ. ತರುವಾಯದ ಅರ್ಕ ಅಭೇದ್ ಎಂಬುದರಲ್ಲಿ ನಾಲ್ಕನೆಯದಾದ ತಡ ಅಂಗಮಾರಿಗೂ ತಡೆಯುಂಟು. ಹೆಸರುಗಳನ್ನು ಇಟ್ಟವರು ಸಂಸ್ಕೃತವನ್ನು ಮರೆತವರಲ್ಲವೆಂಬುದು ಸಂತೋಷದ ಸಂಗತಿ. ಒಂದು ಹೆಸರಿನಲ್ಲಿ ರಕ್ಷಣೆ, ಇನ್ನೊಂದರಲ್ಲಿ ಭೇದಿಸಲಾಗದ ಕೋಟೆ. ಎರಡರಲ್ಲಿಯೂ ನಾಲಗೆಯ ಮಾತಿಲ್ಲ.

ಸಸ್ಯಕ್ಕೂ ರೋಗವುಂಟು, ಆ ರೋಗಕ್ಕೂ ನಿದಾನ ಚಿಕಿತ್ಸೆಗಳುಂಟು ಎಂಬ ದೃಷ್ಟಿಯು ಈ ದೇಶಕ್ಕೆ ಹೊಸದಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಸುರಪಾಲನು ಮರಗಳ ವ್ಯಾಧಿಗಳನ್ನು ವಾತ ಪಿತ್ತ ಕಫಗಳೆಂದು ಮನುಷ್ಯರ ವ್ಯಾಧಿಗಳಂತೆಯೇ ವಿಂಗಡಿಸಿದ್ದಾನೆ. ಕನ್ನಡದಲ್ಲಿ ಚಾವುಂಡರಾಯನು 1025ರ ಸುಮಾರಿಗೆ ರಚಿಸಿದ ಲೋಕೋಪಕಾರದಲ್ಲಿಯೂ ಈ ವಿದ್ಯೆಯು ಸೇರಿದೆ. ಗಮನಿಸತಕ್ಕದ್ದೇನೆಂದರೆ, ಗಿಡದ ರೋಗವನ್ನು ವಾಸಿಮಾಡುವ ಉಪಾಯವನ್ನೂ ಫಲವನ್ನು ಸ್ವಾದುವಾಗಿಯೂ ಸುಗಂಧವಾಗಿಯೂ ಮಾಡುವ ಉಪಾಯವನ್ನೂ ಹಳಬರು ಒಂದೇ ಶಾಸ್ತ್ರದೊಳಗೆ ಇರಿಸಿದ್ದರು. ಆ ಉಪಾಯಗಳಲ್ಲಿ ಎಷ್ಟು ಸಫಲ, ಎಷ್ಟು ಕಲ್ಪನೆ ಎಂಬುದು ಬೇರೆ ಮಾತು. ಎರಡೂ ಒಬ್ಬನೇ ವೈದ್ಯನ ಕರ್ತವ್ಯವೆಂದು ಅವರು ತಿಳಿದಿದ್ದರೆಂಬುದು ಮುಖ್ಯ.

ಇಲ್ಲಿ ಕೆಲವರು ಕಠೋಪನಿಷತ್ತಿನ ಶ್ರೇಯಸ್ಸು ಪ್ರೇಯಸ್ಸುಗಳ ವಿಭಾಗವನ್ನು ತರುವುದುಂಟು. ಗಿಡದ ಆರೋಗ್ಯವು ಶ್ರೇಯಸ್ಸು, ಹಣ್ಣಿನ ರುಚಿಯು ಪ್ರೇಯಸ್ಸು. ವಿವೇಕಿಯಾದವನು ಮೊದಲನೆಯದನ್ನು ವರಿಸಿ ಎರಡನೆಯದನ್ನು ಬಿಡುವನು ಎಂದು ಅವರ ತೀರ್ಮಾನ. ಇದು ಯಮಧರ್ಮನ ಉಪದೇಶವನ್ನು ತರಕಾರಿಯ ಗಾಡಿಗೆ ಕಟ್ಟಿದಂತಾಯಿತು. ಪ್ರೇಯಸ್ಸೆಂದರೆ ಮನಸ್ಸನ್ನು ಹಿತದಿಂದ ಬೇರೆಡೆಗೆ ಸೆಳೆಯುವ ಪ್ರಿಯ. ಹಣ್ಣಿನ ರುಚಿಯು ಹಿತದಿಂದ ಸೆಳೆಯುವುದಿಲ್ಲ, ಹಿತದ ಕಡೆಗೆ ಸೆಳೆಯುತ್ತದೆ. ಪರಿಮಳದ್ರವ್ಯಗಳಲ್ಲಿ ಅನೇಕವು ಹುಟ್ಟುವುದು ಕೆಂಪು ಹಳದಿ ವರ್ಣದ್ರವ್ಯಗಳಿಂದ, ದೇಹಕ್ಕೆ ಬೇಕಾದ ಸ್ನೇಹಾಮ್ಲ ಅಮೈನೋ ಆಮ್ಲಗಳಿಂದ. ಅವು ಹಣ್ಣಿನಲ್ಲಿ ಸಾರವಿದೆಯೆಂದು ಮೂಗಿಗೆ ಸಾರುವ ದೂತರು. ರುಚಿಯಿಲ್ಲದ ತರಕಾರಿಯನ್ನು ಮಕ್ಕಳು ತಟ್ಟೆಯ ಅಂಚಿಗೆ ಸರಿಸುವುದನ್ನು ಯಾವ ಮನೆಯಲ್ಲಿ ನೋಡುವುದಿಲ್ಲ? ಹಾಗೆ ನೋಡಿದರೆ ಪ್ರೇಯಸ್ಸೆಂಬ ಹೆಸರಿಗೆ ಅರ್ಹವಾದದ್ದು ಪೇಟೆಯ ಸಮವರ್ಣದ ಕೆಂಪೇ ಹೊರತು ರುಚಿಯಲ್ಲ. ಕೆಂಪು ಬಣ್ಣವು ಮಾಗಿದ್ದೇನೆ ಎಂದು ಹೇಳುತ್ತದೆ. ಬಾಯಿಗಿಟ್ಟಾಗ ಆ ಮಾತು ಸುಳ್ಳಾಗುತ್ತದೆ. ಸತ್ಯವೆಂಬುದು ಮಾತಿಗೆ ಮಾತ್ರ ಸಂಬಂಧಿಸಿದ ಧರ್ಮವಾಗಿದ್ದರೆ ಇದನ್ನು ಬಿಟ್ಟುಬಿಡಬಹುದಿತ್ತು.

ಆದರೆ ರುಚಿಗೂ ಆರೋಗ್ಯಕ್ಕೂ ವಿರೋಧವುಂಟೆಂಬುದೇ ಎಷ್ಟರ ಮಟ್ಟಿಗೆ ದಿಟ? ಎಲೆ ಮುಟುರು ರೋಗವನ್ನು ತಡೆಯುವ ಗುಣವು ಸಾಕಿದ ಟೊಮೆಟೊವಿನದಲ್ಲ. ಅದರ ಕಾಡು ದಾಯಾದಿಗಳದು. ತಿನ್ನಲಾಗದ ಸಣ್ಣ ಹಸಿರು ಕಾಯಿಗಳನ್ನು ಬಿಡುವ ರೋಮಭರಿತವಾದ ಒಂದು ಆಂಡಿಸ್ ಜಾತಿಯಿಂದ ಅಂತಹ ಗುಣವೊಂದನ್ನು ಭಾರತೀಯ ಸಂವರ್ಧಕರೇ ಊರ ಗಿಡಕ್ಕೆ ತಂದರು. ಕಾಡು ಗಿಡದೊಡನೆ ಸಂಬಂಧ ಬೆಳೆಸಿದಾಗ ಬೇಕಾದ ಗುಣವೊಂದೇ ಬರುವುದಿಲ್ಲ. ಅದರ ಪಕ್ಕದಲ್ಲಿ ಕುಳಿತ ಬೇಡಾದ ಗುಣಗಳೂ ಕೈಹಿಡಿದು ಬರುತ್ತವೆ. ಬೀಗರನ್ನು ಕರೆದರೆ ಬೀಗರ ಊರೆಲ್ಲ ಬಂದಂತೆ. ಮತ್ತೆ ಮತ್ತೆ ಊರ ತಳಿಯೊಡನೆ ಕೂಡಿಸಿ, ಪ್ರತಿ ಪೀಳಿಗೆಯಲ್ಲಿಯೂ ಸೋಸಿ, ಆ ನಂಟರನ್ನು ಒಬ್ಬೊಬ್ಬರನ್ನಾಗಿ ಕಳುಹಿಸಿಕೊಡಬೇಕಾಗುತ್ತದೆ. ಸೋಸುವುದಕ್ಕೆ ವರ್ಷಗಳು ಬೇಕು. ರೋಗವನ್ನು ಹೊಲದಲ್ಲಿ ಕಣ್ಣಿನಿಂದ ನೋಡಬಹುದು, ಇಳುವರಿಯನ್ನು ತಕ್ಕಡಿಯಲ್ಲಿ ಇಡಬಹುದು. ರುಚಿಯನ್ನು ಮಾತ್ರ ಸಾವಿರಾರು ಗಿಡಗಳಲ್ಲಿ ಒಂದೊಂದರ ಹಣ್ಣನ್ನೂ ತಿಂದು ನೋಡದ ಹೊರತು ತಿಳಿಯಲಾಗದು. ರುಚಿಯು ಸೋತದ್ದು ಆರೋಗ್ಯದೊಡನೆ ಹೋರಾಡಿ ಅಲ್ಲ. ಅದನ್ನು ಅಳೆಯುವವರಿಲ್ಲದ್ದರಿಂದ ಎಂಬುದು ಇಲ್ಲಿಯ ನಿಜಸ್ಥಿತಿ.

ಕಾಡು ಜಾತಿಗಳು ರುಚಿಯ ಶತ್ರುಗಳೆಂಬುದೂ ತಪ್ಪು. ಕ್ಯಾಲಿಫೋರ್ನಿಯಾದ ಚಾರ್ಲ್ಸ್ ರಿಕ್ ಎಂಬವರು ದಕ್ಷಿಣ ಅಮೆರಿಕದ ಬೆಟ್ಟ ಮರುಭೂಮಿಗಳಲ್ಲಿ ದಶಕಗಳ ಕಾಲ ಅಲೆದು ಕಾಡು ಟೊಮೆಟೊಗಳನ್ನು ಕೂಡಿಹಾಕಿದರು. ಹಸಿರು ಕಾಯಿಯ ಒಂದು ಕಾಡು ಜಾತಿಯಿಂದ ಸಕ್ಕರೆಯ ಅಂಶವನ್ನು ಹೆಚ್ಚಿಸುವ ಗುಣವನ್ನೇ ಅವರು 1970ರ ದಶಕದಲ್ಲಿ ಊರ ತಳಿಗೆ ತಂದು ತೋರಿಸಿದರು. ಗಾಲಾಪಗೋಸ್ ದ್ವೀಪದ ಒಂದು ಜಾತಿಯ ಬೀಜವು ಏನು ಮಾಡಿದರೂ ಮೊಳೆಯದಿರಲು, ಅಲ್ಲಿಯ ಹೆಬ್ಬಾಮೆಯ ಹೊಟ್ಟೆಯ ಮೂಲಕ ಅದನ್ನು ಹಾಯಿಸಿ ಮೊಳೆಯಿಸಿದ ಕಥೆಯು ಅವರ ತಾಳ್ಮೆಗೆ ಸಾಕ್ಷಿ. ಕ್ಲೀ ಅವರ ಸಂಶೋಧನೆಯಿಂದ ತಿಳಿದುಬಂದ ಇನ್ನೊಂದು ವಿಷಯವು ಪ್ರಸ್ತುತ ವಿಚಾರಕ್ಕೆ ಅತ್ಯಂತ ಉಪಯುಕ್ತವಾಗಿದೆ. ಹಣ್ಣಿನಲ್ಲಿ ಸಕ್ಕರೆಯನ್ನು ಹೆಚ್ಚಿಸುವುದಕ್ಕೆ ಗಿಡವು ಹೆಚ್ಚು ಶ್ರಮಿಸಬೇಕಾಗುವುದರಿಂದ ಇಳುವರಿಯು ತಗ್ಗಬಹುದು. ಆದರೆ ಕೆಲವು ಪರಿಮಳಗಳು ಸಕ್ಕರೆಯನ್ನು ಹೆಚ್ಚಿಸದೆಯೇ ಸವಿಯ ಅನುಭವವನ್ನು ಹೆಚ್ಚಿಸುತ್ತವೆ. ಅವು ಅತ್ಯಲ್ಪ ಪ್ರಮಾಣದ ವಸ್ತುಗಳಾದ್ದರಿಂದ ಅವನ್ನು ಮರಳಿ ತರುವುದಕ್ಕೆ ಗಿಡವು ತೆರಬೇಕಾದ ಸುಂಕವು ಬಹು ಕಡಮೆ. ಒಕ್ಕಲಿಗನ ತಕ್ಕಡಿಯನ್ನು ಇಳಿಸದೆಯೇ ಗೃಹಿಣಿಯ ಸಾರಿಗೆ ಸಾರವನ್ನು ತರಲು ದಾರಿಯಿದೆ.

ಇದು ಕೇವಲ ಆಶೆಯಲ್ಲವೆಂಬುದಕ್ಕೆ ಸಿಂಧನೂರಿನ ಗದ್ದೆಗಳ ಬೆಳೆಯೇ ದೃಷ್ಟಾಂತ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳದ ಎರೆಹೊಲಗಳು ಅಲ್ಲಿ ನೆಲ್ಲಿನ ಗದ್ದೆಗಳಾದವು. 1986ರಲ್ಲಿ ಆಂಧ್ರದ ಬಾಪಟ್ಲದಿಂದ ಹೊರಬಂದ ಬಿ.ಪಿ.ಟಿ. 5204 ಎಂಬ ಸಾಂಬಾ ಮಸೂರಿಯು ಈ ಕಾಲುವೆಸೀಮೆಯನ್ನು ಬಹುಮಟ್ಟಿಗೆ ಆಕ್ರಮಿಸಿಕೊಂಡಿತು. ಪೇಟೆಯಲ್ಲಿ ಅದನ್ನು ಸೋನಾ ಮಸೂರಿಯೆಂದೇ ಮಾರುವುದುಂಟು. ಸಣ್ಣ ಕಾಳು, ಮೃದುವಾದ ಅನ್ನ, ಉಂಡವರು ಬಿಡುವಂತಿಲ್ಲ. ದುಂಡಾಣು ಅಂಗಮಾರಿಗೆ ಮಾತ್ರ ಅದು ಬೇಗ ತುತ್ತಾಗುತ್ತದೆ. ಹೈದರಾಬಾದಿನ ಭತ್ತ ಸಂಶೋಧನಾ ನಿರ್ದೇಶನಾಲಯದವರೂ ಅಲ್ಲಿಯ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದವರೂ ಕೂಡಿ, ರೋಗವನ್ನು ತಡೆಯುವ ಮೂರು ಗುಣಗಳನ್ನು ಸಾಂಪ್ರದಾಯಿಕ ಸಂಕರದಿಂದಲೇ ಅದರೊಳಗೆ ತಂದರು. ಅವುಗಳಲ್ಲೊಂದು ಆಫ್ರಿಕದ ಕಾಡುಭತ್ತದಿಂದ ಬಂದದ್ದು. ಪ್ರತಿ ಪೀಳಿಗೆಯಲ್ಲಿಯೂ ಗುರುತುಗಳಿಂದ ಆರಿಸಿ, ಕಾಳಿನ ರೂಪವನ್ನೂ ಅನ್ನದ ಗುಣವನ್ನೂ ಕೆಡದಂತೆ ಕಾಪಾಡಿದರು. 2008ರಲ್ಲಿ ಅದು ಸುಧಾರಿತ ಸಾಂಬಾ ಮಸೂರಿಯೆಂದು ಬಿಡುಗಡೆಯಾಯಿತು. ಅಕ್ಕಿಯ ವಿಷಯದಲ್ಲಿ ರುಚಿಯನ್ನು ಬಿಡಬಾರದೆಂಬ ನಿಯಮವನ್ನು ಮೊದಲೇ ಹಾಕಿಕೊಂಡು ಹೊರಟದ್ದರಿಂದ ಇದು ಸಾಧ್ಯವಾಯಿತು. ಅನ್ನದಲ್ಲಿ ರುಚಿಗೆಟ್ಟರೆ ಕೊಳ್ಳುವವನು ಕೇಳುತ್ತಾನೆ, ಟಮಾಟಿಯಲ್ಲಿ ಕೇಳುವುದಿಲ್ಲ. ಅಷ್ಟೇ ವ್ಯತ್ಯಾಸ.

ಕೇಳುವುದಾದರೂ ಹೇಗೆ? ಲಿಲಾವಿನ ಕಟ್ಟೆಯಲ್ಲಿ ದಲಾಲನು ಬಣ್ಣವನ್ನು ನೋಡುತ್ತಾನೆ, ಒತ್ತಿ ನೋಡಿ ಗಟ್ಟಿತನವನ್ನು ಪರೀಕ್ಷಿಸುತ್ತಾನೆ, ಕಚ್ಚಿ ನೋಡುವುದಿಲ್ಲ. ಹಣ್ಣು ಲಾರಿಯಲ್ಲಿ ನೂರಾರು ಮೈಲಿ ಹೋಗಬೇಕು. ದಪ್ಪ ತೊಗಲಿನ ಹಣ್ಣಿಗೆ ನಾಲ್ಕು ಕಾಸು ಹೆಚ್ಚು, ಸವಿಯಾದ ಹಣ್ಣಿಗೆ ಒಂದು ಕಾಸೂ ಹೆಚ್ಚಿಲ್ಲ. 2023ರ ಜುಲೈಯಲ್ಲಿ ಕಿಲೋ ನೂರು ರೂಪಾಯಿಯನ್ನು ಮೀರಿದ ಹಣ್ಣನ್ನು ಬೇರೆ ವರ್ಷಗಳಲ್ಲಿ ಬೆಲೆಯಿಲ್ಲದೆ ರಸ್ತೆಗೆ ಸುರಿದದ್ದುಂಟು. ಎರಡು ಸಂದರ್ಭಗಳಲ್ಲಿಯೂ ಹಣ್ಣಿನ ರುಚಿಯನ್ನು ವಿಚಾರಿಸಿದವರಿಲ್ಲ. ಸಾಲ ಮಾಡಿ ಸಸಿ ನೆಟ್ಟ ಒಕ್ಕಲಿಗನಿಗೆ ನೀನು ರುಚಿಯ ತಳಿಯನ್ನು ಬೆಳೆ ಎಂದು ಉಪದೇಶಿಸುವುದು ಸುಲಭ. ಉಪದೇಶದ ನಷ್ಟವನ್ನು ಅವನೊಬ್ಬನೇ ಹೊರಬೇಕಾಗುತ್ತದೆ. ಆದುದರಿಂದ ಈ ಭಾರವನ್ನು ಅವನ ಹೆಗಲಿಗೆ ಹಾಕತಕ್ಕದ್ದಲ್ಲ. ಅದು ಸಾರ್ವಜನಿಕರ ಹಣದಿಂದ ನಡೆಯುವ ಸಂಶೋಧನಾ ಸಂಸ್ಥೆಗಳ ಮೇಲೆ ಬೀಳತಕ್ಕದ್ದು; ಏಕೆಂದರೆ ಪೇಟೆಯು ಕೇಳದ ಗುಣವನ್ನು ಕಾಪಾಡುವುದಕ್ಕಾಗಿಯೇ ಅಂತಹ ಸಂಸ್ಥೆಗಳು ಇರುವುದು. ಪೇಟೆಯು ಕೇಳುವ ಗುಣವನ್ನು ಕೊಡುವುದಕ್ಕೆ ವ್ಯಾಪಾರಿಗಳೇ ಸಾಕು.

ಯಾರ ರುಚಿಯೆಂಬುದು ಮತ್ತೊಂದು ಪ್ರಶ್ನೆ. ಫ್ಲಾರಿಡಾದ ರುಚಿಪರೀಕ್ಷಕರು ಹಣ್ಣನ್ನು ಹಸಿಯಾಗಿ ಹೆಚ್ಚಿ ತಿಂದು, ಸಿಹಿಯಾದದ್ದನ್ನು ಮೆಚ್ಚಿದರು. ಲಿಂಗಸುಗೂರಿನ ಅಡಿಗೆಮನೆಯಲ್ಲಿ ಹಣ್ಣು ಒಗ್ಗರಣೆಯಲ್ಲಿ ಕರಗಬೇಕು, ಬೇಳೆಗೆ ಹುಳಿಯನ್ನು ಕೊಡಬೇಕು, ಕಾಯಿಯು ಚಟ್ನಿಗೆ ಒಗರಿಲ್ಲದೆ ಒದಗಬೇಕು. ಒಂದು ನಾಡಿನ ಸವಿಯನ್ನು ಲೋಕದ ಸವಿಯೆಂದು ಇನ್ನೊಂದು ನಾಡಿನ ತಳಿಗೆ ವಿಧಿಸಿದರೆ, ಕೆಂಪು ಬಣ್ಣದ ದಬ್ಬಾಳಿಕೆಯ ಜಾಗದಲ್ಲಿ ಸಕ್ಕರೆಯ ದಬ್ಬಾಳಿಕೆಯು ಬಂದು ಕುಳಿತಂತಾಗುತ್ತದೆ. ಸಂಶೋಧಕನು ತಳಿಯನ್ನು ಹೊರಡಿಸುವ ಮೊದಲು ಹತ್ತು ಊರಿನ ಒಲೆಗಳ ಮೇಲೆ ಅದನ್ನು ಬೇಯಿಸಿ ನೋಡುವುದು ಅಸಾಧ್ಯವಾದ ಕೆಲಸವಲ್ಲ. ನೀರಿನ ಮಾತನ್ನೂ ಇಲ್ಲಿಯೇ ಹೇಳಬಹುದು. ಕಾಲುವೆಯ ನೀರನ್ನು ಕೊನೆಯ ದಿನದವರೆಗೆ ಕುಡಿದ ಗಿಡದ ಹಣ್ಣು ಉಬ್ಬಿ ಸಪ್ಪಗಾಗುತ್ತದೆ. ಮಾಗುವ ಕಾಲಕ್ಕೆ ನೀರನ್ನು ಹಿಡಿದು ಬಿಟ್ಟ ಗಿಡದ್ದು ಚಿಕ್ಕದಾದರೂ ಗಟ್ಟಿ ರಸದ್ದು. ಎಲ್ಲ ದೋಷವನ್ನೂ ತಳಿಯ ಮೇಲೆ ಹೊರಿಸುವುದು ನ್ಯಾಯವಲ್ಲ.

ಬೀಜದ ಪ್ರಶ್ನೆಯು ಉಳಿದಿದೆ, ಮತ್ತು ಅದು ಅತಿ ಕಠಿಣವಾದದ್ದು. ಬೆಂಗಳೂರಿನಲ್ಲಿ 1965ರಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದ ಮನಮೋಹನ ಅತ್ತಾವರರು 1973ರಲ್ಲಿ ಕರ್ನಾಟಕವೆಂಬ ಹೆಸರಿನ ಸಂಕರ ಟೊಮೆಟೊವನ್ನು ಪೇಟೆಗೆ ತಂದರು. ಅಂದಿನಿಂದ ಬೀಜವು ಹೊಲದ ಉತ್ಪನ್ನವಾಗಿದ್ದದ್ದು ಅಂಗಡಿಯ ಸರಕಾಯಿತು. ಎರಡು ಶುದ್ಧ ತಳಿಗಳ ಸಂಕರದಿಂದ ಹುಟ್ಟಿದ ಮೊದಲ ಪೀಳಿಗೆಯು ಹುರುಪಿನದೂ ಏಕರೂಪದ್ದೂ ಆಗಿರುತ್ತದೆ. ಅದರ ಬೀಜವನ್ನು ಮತ್ತೆ ಬಿತ್ತಿದರೆ ಗುಣಗಳು ಚೆದುರಿ, ಒಂದು ಗಿಡ ತಾತನಂತೆ, ಇನ್ನೊಂದು ಅಜ್ಜಿಯಂತೆ ಬರುತ್ತದೆ. ಬೀಜಾಂಕುರನ್ಯಾಯವನ್ನು ಓದಿದವರು ಬೀಜದಿಂದ ಅಂಕುರ, ಅಂಕುರದಿಂದ ಬೀಜವೆಂಬ ಅನಾದಿಯಾದ ಸರಪಣಿಯನ್ನು ಬಲ್ಲರು. ಇಲ್ಲಿ ಆ ಸರಪಣಿಯ ಒಂದು ಕೊಂಡಿಯು ಪ್ರತಿ ವರ್ಷವೂ ಅಂಗಡಿಯವನ ಕೈಯಲ್ಲಿರುತ್ತದೆ. ಆ ಬೀಜವಾದರೂ ಯಂತ್ರದಲ್ಲಿ ತಯಾರಾಗುವುದಿಲ್ಲ. ರಾಣೆಬೆನ್ನೂರಿನ ಸುತ್ತಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಅರಳದ ಮೊಗ್ಗುಗಳನ್ನು ಚಿಮಟಿಗೆಯಿಂದ ಬಿಡಿಸಿ, ಗಂಡುಕೇಸರಗಳನ್ನು ಒಂದೊಂದಾಗಿ ಕಿತ್ತು, ಮರುದಿನ ಬೇರೊಂದು ತಳಿಯ ಪರಾಗವನ್ನು ಶಲಾಕೆಗೆ ಮುಟ್ಟಿಸುತ್ತಾರೆ. ಒಂದೊಂದು ಹೂವಿಗೂ ಒಂದೊಂದು ಸಲ ಬೆರಳುಗಳು ತಾಗಬೇಕು. ತಳಿಯ ಹೆಸರಿನಲ್ಲಿ ಆ ಬೆರಳುಗಳ ಹೆಸರು ಬರುವುದಿಲ್ಲ.

ಸಂಕರ ಬೀಜವನ್ನು ಅಧರ್ಮವೆನ್ನುವಂತಿಲ್ಲ. ಮೂರು ರೋಗಗಳನ್ನು ಒಂದೇ ಗಿಡದಲ್ಲಿ ತಡೆಯಲು ಅದು ಸುಲಭವಾದ ದಾರಿ. ಆದರೆ ಅದೊಂದೇ ದಾರಿಯೆಂದು ಹೇಳುವುದು ಅಸತ್ಯ. ಟೊಮೆಟೊ ಹೂವು ಸಾಮಾನ್ಯವಾಗಿ ತನ್ನ ಪರಾಗದಿಂದಲೇ ಕಾಯಿಕಟ್ಟುವುದರಿಂದ, ನಿರೋಧಶಕ್ತಿಯನ್ನು ಶುದ್ಧ ತಳಿಯಲ್ಲಿಯೇ ಸ್ಥಿರಪಡಿಸಿದರೆ ಬೀಜವು ಪೀಳಿಗೆಯಿಂದ ಪೀಳಿಗೆಗೆ ಕೆಡದೆ ಬರುತ್ತದೆ. ಮುನಿಯಪ್ಪನವರ ತಳಿಗಳು ಇಂತಹವು. ಅವನ್ನು ಕೊಂಡವನು ಮತ್ತೆ ಕೊಳ್ಳಬೇಕಾಗಿಲ್ಲವಾದ್ದರಿಂದ ವ್ಯಾಪಾರಿಗೆ ಅವುಗಳಲ್ಲಿ ಉತ್ಸಾಹವು ಕಡಮೆ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮವು, ರಕ್ಷಿತವಾದ ತಳಿಯ ಬೀಜವನ್ನು ಕೂಡ ರೈತನು ಉಳಿಸಿಕೊಳ್ಳಲು, ಬಿತ್ತಲು, ಹಂಚಿಕೊಳ್ಳಲು, ಮುದ್ರೆಯಿಲ್ಲದೆ ಮಾರಲು ಹಕ್ಕನ್ನು ಕೊಟ್ಟಿದೆ. ಹಕ್ಕಿದ್ದೂ ಬೀಜವು ಉಳಿಸಲು ಬಾರದ್ದಾಗಿದ್ದರೆ ಆ ಹಕ್ಕು ಹೆಸರಿನಲ್ಲಿ ಮಾತ್ರ. ಸಾರ್ವಜನಿಕ ಸಂಸ್ಥೆಯು ಎರಡೂ ಬಗೆಯ ತಳಿಗಳನ್ನು ಕೊಡಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ: ಪೇಟೆಗೆ ದುಡಿಯುವವನಿಗೆ ಸಂಕರ, ಹಿತ್ತಲಿಗೂ ಸಣ್ಣ ಹೊಲಕ್ಕೂ ಶುದ್ಧ ತಳಿ.

ಇನ್ನು ಗಿಡದ ಮಾತು. ಸಸ್ಯಗಳಿಗೆ ಒಳಗೇ ಅಡಗಿದ ಸಂಜ್ಞೆಯುಂಟು, ಸುಖದುಃಖಗಳುಂಟು ಎಂದು ಮನುವು ಒಪ್ಪಿದ್ದಾನೆ. ಜೈನರು ಅವನ್ನು ಏಕೇಂದ್ರಿಯ ಜೀವಗಳೆಂದು ಎಣಿಸುವರು. ಇದನ್ನು ಅಕ್ಷರಶಃ ಒಪ್ಪದವರೂ, ನಂಜು ತಗುಲಿ ಮುದುಡಿದ ಗಿಡವನ್ನೂ ತಾನೇ ರೋಗವನ್ನು ತಡೆದು ನಿಂತ ಗಿಡವನ್ನೂ ಅಕ್ಕಪಕ್ಕದಲ್ಲಿ ನೋಡಿದರೆ, ಎರಡನೆಯದಕ್ಕೆ ಏನೋ ಒಳ್ಳೆಯದಾಗಿದೆಯೆಂದು ಭಾವಿಸದಿರಲಾರರು. ಹಣ್ಣು ಬೇಗ ಕೆಡದಿರಲೆಂದು ಮಾಗುವ ಕ್ರಿಯೆಯನ್ನೇ ಕುಂಠಿಸುವ ಒಂದು ಗುಣವನ್ನು ಸಂವರ್ಧಕರು ಸಂಕರಗಳಲ್ಲಿ ಬಳಸುವುದುಂಟು. ಅದು ಇದಕ್ಕೆ ವಿಪರೀತ. ಗಿಡಕ್ಕೂ ಹಿತವಿಲ್ಲ, ಉಣ್ಣುವವನಿಗೂ ಇಲ್ಲ, ದೂರದ ಗೋದಾಮಿಗೆ ಮಾತ್ರ ಹಿತ. ರೋಗನಿರೋಧಕ್ಕೂ ಈ ಗುಣಕ್ಕೂ ತಳಿಸಂವರ್ಧನೆಯೆಂಬ ಒಂದೇ ಹೆಸರಿರುವುದರಿಂದ ಎರಡೂ ಒಂದೇ ತೂಕದವೆಂದು ತಿಳಿಯಬಾರದು.

ಶುದ್ಧ ತಳಿಯ ಬೀಜವನ್ನು ಮನೆಯಲ್ಲಿ ಉಳಿಸಿಕೊಳ್ಳುವುದು ಕಷ್ಟದ ಕೆಲಸವಲ್ಲ. ಅರ್ಕ ವಿಕಾಸವೋ ನಂದಿಯೋ ಮನೆಯವರು ಕಾಪಾಡಿಕೊಂಡ ಜವಾರಿಯೋ ಆಗಿರಲಿ, ಎಲೆ ಮುದುಡದೆ ಕೊನೆಯವರೆಗೆ ನಿಂತ ಗಿಡವನ್ನು ಮೊದಲು ಗುರುತಿಸಿ, ಅದರ ಹಣ್ಣನ್ನು ಬಾಯಿಗಿಟ್ಟು ನೋಡಿ, ಎರಡೂ ಒಪ್ಪಿಗೆಯಾದ ಗಿಡದಿಂದ ಪೂರ್ತಿ ಮಾಗಿದ ಹಣ್ಣುಗಳನ್ನು ಬಿಡಿಸಬೇಕು. ಬೀಜವನ್ನು ರಸದೊಡನೆ ಒಂದು ಮಣ್ಣಿನ ಪಾತ್ರೆಗೆ ಹಿಂಡಿ ಎರಡು ದಿನ ಹುಳಿಯಲು ಬಿಟ್ಟರೆ ಸುತ್ತಲಿನ ಲೋಳೆಯು ಸಡಿಲವಾಗುತ್ತದೆ; ನೀರು ಹಾಕಿ ತೊಳೆದಾಗ ಜೊಳ್ಳು ತೇಲುತ್ತದೆ, ಗಟ್ಟಿ ಬೀಜವು ತಳದಲ್ಲಿ ನಿಲ್ಲುತ್ತದೆ. ನೆರಳಿನಲ್ಲಿ ಅರಿವೆಯ ಮೇಲೆ ಹರವಿ ಒಣಗಿಸಿ, ಬೂದಿ ಬೆರೆಸಿ, ತೇವ ತಗುಲದಂತೆ ಮುಚ್ಚಿಡಬೇಕು. ಒಂದು ಗ್ರಾಂ ತೂಕದಲ್ಲಿ ಮುನ್ನೂರಕ್ಕೆ ಕಡಮೆಯಿಲ್ಲದಷ್ಟು ಬೀಜಗಳಿರುತ್ತವೆ. ಹಿತ್ತಲಿಗೆ ಇಪ್ಪತ್ತು ಸಾಕು, ಉಳಿದದ್ದು ನೆರೆಮನೆಗೆ.